ಡ್ರೋನ್ ಲೈಸೆನ್ಸ್: ತೂಕ ಎಷ್ಟು, ಕೆಲಸ ಯಾವುದು?

"ಸರ್, ನಂದು ಸಣ್ಣ ಡ್ರೋನ್ ಐತ್ರಿ, ಒಂದ್ ಕಿಲೋನೂ ಇಲ್ರಿ. ಲೈಸೆನ್ಸ್ ಯಾಕ್ ಬೇಕ್ರಿ?" ಬೆಳಗಾವಿಯಲ್ಲಿ ತರಬೇತಿಗೆ ಬರುವ ಮದುವೆ ಫೋಟೋಗ್ರಾಫರ್‌ಗಳು ಮೊದಲು ಕೇಳುವುದೇ ಇದನ್ನು.

2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೋ. ಅದಕ್ಕೆ ಪೈಲಟ್ ಪ್ರಮಾಣಪತ್ರ, ಅಂದರೆ ಎಲ್ಲರೂ ಲೈಸೆನ್ಸ್ ಎನ್ನುವುದು, ಬೇಡ. ಅದಕ್ಕಿಂತ ಮೇಲೆ 2 ಕಿಲೋವರೆಗಿನದು ಮೈಕ್ರೋ. ಅದನ್ನು ಹವ್ಯಾಸಕ್ಕೆ ಹಾರಿಸಿದರೆ ಪ್ರಮಾಣಪತ್ರ ಬೇಡ, ದುಡ್ಡು ತಗೊಂಡು ಹಾರಿಸಿದರೆ ಬೇಕೇ ಬೇಕು. ಅದೇ ಡ್ರೋನ್ ಭಾನುವಾರ ಗೋಕಾಕ ಫಾಲ್ಸ್ ಕಡೆ ನಿಮ್ಮ ಖುಷಿಗೆ ಹಾರಿದಾಗ ಒಂದು ಲೆಕ್ಕ, ಸೋಮವಾರ ಮದುವೆ ಆರ್ಡರ್‌ಗೆ ಹಾರಿದಾಗ ಇನ್ನೊಂದು.

ನನಗೆ ಹೆಚ್ಚು ಕಳವಳ ಇರುವುದು ಔಷಧ ಹೊಡೆಯುವ ಡ್ರೋನ್‌ಗಳ ಬಗ್ಗೆ. ಮುಧೋಳ, ಜಮಖಂಡಿ ಕಡೆಯ ಕಬ್ಬಿನ ರೈತರು "ನಮ್ಮ ಹೊಲದಾಗ ನಾವ ಹಾರಸ್ತೀವಿ, ಯಾರ ಕೇಳ್ತಾರ?" ಎನ್ನುತ್ತಾರೆ. ಆದರೆ ಹೊಲ ಸ್ವಂತದ್ದು ಎಂದು ವಿನಾಯಿತಿ ಇಲ್ಲ. ನಿಯಮ ನೋಡುವುದು ಹಾರುವಾಗಿನ ಒಟ್ಟು ತೂಕವನ್ನು, ಬ್ಯಾಟರಿ, ಟ್ಯಾಂಕಿನ ದ್ರಾವಣ ಎಲ್ಲ ಸೇರಿಸಿ. ಹತ್ತು ಲೀಟರ್ ಟ್ಯಾಂಕ್ ತುಂಬಿದರೆ ಅದೊಂದೇ ಸುಮಾರು ಹತ್ತು ಕಿಲೋ. ಅಷ್ಟು ಭಾರ ಹೊತ್ತು, ರೆಕ್ಕೆ ತಿರುಗಿಸುತ್ತಾ, ಕೂಲಿಯವರ ತಲೆಯ ಸಮೀಪ ಹೋಗುವ ಯಂತ್ರ ಅದು. 2ರಿಂದ 25 ಕಿಲೋವರೆಗಿನ 'ಸ್ಮಾಲ್' ವರ್ಗದ ಡ್ರೋನ್‌ಗೆ ಪ್ರಮಾಣಪತ್ರ ಕಡ್ಡಾಯ. ಹೊಲಕ್ಕೆ ಔಷಧ ಹೊಡೆಯಲು ಡ್ರೋನ್ ಕೊಡುವ ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಪೈಲಟ್ ತರಬೇತಿಯನ್ನೂ ಸೇರಿಸಿರುವುದು ಸುಮ್ಮನೆ ಅಲ್ಲ.

ಪಡೆಯುವುದು ಕಷ್ಟವೇನಿಲ್ಲ. 18ರಿಂದ 65 ವರ್ಷ, ಹತ್ತನೇ ತರಗತಿ ಪಾಸು, ಡಿಜಿಸಿಎ (ಕೇಂದ್ರದ ವಿಮಾನಯಾನ ನಿಯಂತ್ರಣ ಸಂಸ್ಥೆ) ಮಾನ್ಯತೆಯ ಶಾಲೆಯಲ್ಲಿ ತರಬೇತಿ, ಪರೀಕ್ಷೆ. ಪ್ರಮಾಣಪತ್ರ 10 ವರ್ಷ ನಡೆಯುತ್ತದೆ. ಡ್ರೋನ್‌ನ ನೋಂದಣಿ ಸಂಖ್ಯೆ ಇದಕ್ಕಿಂತ ಬೇರೆ, ನ್ಯಾನೋ ಬಿಟ್ಟು ಉಳಿದವಕ್ಕೆ ವಿಮೆಯೂ ಬೇರೆ. ನಿಯಮ ಮುರಿದರೆ 1 ಲಕ್ಷ ರೂಪಾಯಿವರೆಗೆ ದಂಡ.

ಪ್ರಮಾಣಪತ್ರ ಕೈಗೆ ಬಂದವರೂ ಹಾರಿಸುವ ಮೊದಲು ಎಲ್ಲಿ ಹಾರಿಸಬಹುದು ಎಂದು ತೋರಿಸುವ ಸರ್ಕಾರದ ಆನ್‌ಲೈನ್ ನಕ್ಷೆ, ಡಿಜಿಟಲ್ ಸ್ಕೈ, ನೋಡಲೇಬೇಕು. ಬೆಳಗಾವಿಯ ಸಾಂಬ್ರಾ ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ 200 ಅಡಿಗಿಂತ ಮೇಲೆ ಹೋಗಲು ಅನುಮತಿ ಬೇಕು. ಅದಕ್ಕಿಂತ ಒಳಗೆ ಅನುಮತಿ ಇಲ್ಲದೆ ಹಾರಿಸುವ ಹಾಗೇ ಇಲ್ಲ. ಗೋಳಗುಮ್ಮಟ, ಪಟ್ಟದಕಲ್ಲಿನಲ್ಲಿ ಪ್ರೀ-ವೆಡ್ಡಿಂಗ್ ಶೂಟ್ ಒಪ್ಪಿಕೊಳ್ಳುವವರು ಪುರಾತತ್ವ ಇಲಾಖೆಯ ಅನುಮತಿ ಸಿಕ್ಕ ಮೇಲೆಯೇ ಅಡ್ವಾನ್ಸ್ ತಗೊಳ್ಳಿ.