ಮರಕಡಿಯುವವರ ಇಸುಬು

ಮರ ಕಡಿಯುವ, ತೊಗಟೆ ಸುಲಿಯುವ, ದಿಮ್ಮಿ ಹೊರುವ ಕೆಲಸದವರಿಗೆ ಕೈ, ಕತ್ತು, ಮುಖ, ಕಣ್ಣುರೆಪ್ಪೆಗಳಲ್ಲಿ ಏಳುವ ಅಲರ್ಜಿಗೆ ಈ ಹೆಸರು. ಚರ್ಮ ಕೆಂಪಾಗಿ ನವೆ ಹತ್ತುತ್ತದೆ, ನೀರುಗುಳ್ಳೆ ಏಳುತ್ತವೆ. ವರ್ಷಗಟ್ಟಲೆ ಬಿಡದೆ ಕಾಡಿದರೆ ಚರ್ಮ ದಪ್ಪಗಾಗಿ ಬಿರಿಯುತ್ತದೆ.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕಾಡಿನ ಕೆಲಸದವರು ಇದನ್ನು ‘ಸೀಡರ್ ವಿಷ’ ಅನ್ನುತ್ತಿದ್ದರು. ಕಡಿಯುತ್ತಿದ್ದದ್ದು ಸೀಡರ್ ಮರ, ಹಾಗಾಗಿ ಗೂಬೆ ಕೂರಿಸಿದ್ದೂ ಅದರ ಮೇಲೆಯೇ. ಸೀಡರ್ ಪೂರಾ ಸಾಚಾ ಏನಲ್ಲ, ಅದರ ಹುಡಿಯಿಂದ ಉಬ್ಬಸ ಬರುವುದುಂಟು. ಆದರೆ ಚರ್ಮದ ಕಾಟ ಹೆಚ್ಚಾಗಿ ತೊಗಟೆಗೆ ಅಂಟಿಕೊಂಡು ಬೆಳೆಯುವ ಕಲ್ಲುಹೂವಿನದು ಮತ್ತು ಪಾಚಿಯಂತೆ ಕಾಣುವ ಫ್ರುಲಾನಿಯಾ ಎಂಬ ಪುಟ್ಟ ಸಸ್ಯದ್ದು ಎಂಬುದು 1960–70ರ ದಶಕಗಳಲ್ಲಿ ಗೊತ್ತಾಯಿತು.

ಕಲ್ಲುಹೂವು ಎಂದರೆ ನಮ್ಮ ಮಸಾಲೆ ಡಬ್ಬಿಯಲ್ಲಿರುವುದರ ಬಳಗವೇ. ಗಾಬರಿ ಬೇಡ, ಇದು ತಿಂದು ಬರುವ ಕಾಯಿಲೆಯಲ್ಲ, ಮೈಗೆ ತಾಗಿ ಬರುವುದು. ಕಲ್ಲುಹೂವಿನಲ್ಲಿರುವ ಅಸ್ನಿಕ್ ಆಮ್ಲ, ಅಟ್ರಾನೊರಿನ್‌ಗಳಿಗೆ ಕೆಲವರ ಮೈ ಒಗ್ಗುವುದಿಲ್ಲ. ಫ್ರುಲಾನಿಯಾದಲ್ಲಿರುವುದು ಸೆಸ್ಕ್ವಿಟರ್ಪೀನ್ ಲ್ಯಾಕ್ಟೋನ್. ನಮ್ಮ ಹೊಲಗದ್ದೆಗಳ ಕಾಂಗ್ರೆಸ್ ಗಿಡ ಮೈ ತುರಿಸುವುದೂ ಇದೇ ಜಾತಿಯ ರಾಸಾಯನಿಕದಿಂದ. ಗರಗಸ ಓಡಿದಂತೆ ಇದೆಲ್ಲ ಹುಡಿಯಾಗಿ ಹಾರುತ್ತದೆ, ಮುಟ್ಟದ ರೆಪ್ಪೆಯೂ ಊದಿಕೊಳ್ಳುತ್ತದೆ. ಕೆಲಸದ ಬಟ್ಟೆಗೆ ಅಂಟಿಕೊಂಡು ಮನೆಗೂ ಬರುತ್ತದೆ; ಕಾಡಿಗೆ ಕಾಲಿಡದ ಹೆಂಡತಿಗೂ ನವೆ ಹತ್ತಿದ ಉದಾಹರಣೆಗಳಿವೆ.

ಇದರ ಪತ್ತೆ ಕಷ್ಟ. ಮೊದಲು ತಾಗಿದಾಗ ಏನೂ ಆಗುವುದಿಲ್ಲ. ಮೈ ಒಮ್ಮೆ ಅದನ್ನು ವೈರಿಯೆಂದು ಗುರುತಿಟ್ಟುಕೊಂಡ ಮೇಲೆ, ಪ್ರತಿಸಲ ತಾಗಿ ಒಂದೆರಡು ದಿನ ಕಳೆದು ತುರಿಕೆ ಶುರು. ಅಷ್ಟರಲ್ಲಿ ಆತ ಬೇರೊಂದು ಮರ ಕಡಿಯುತ್ತಿರುತ್ತಾನೆ! ಚರ್ಮದ ಡಾಕ್ಟರು ಬೆನ್ನಿಗೆ ಪಟ್ಟಿ ಅಂಟಿಸಿ ಪ್ಯಾಚ್ ಟೆಸ್ಟ್ ಮಾಡುತ್ತಾರೆ: 2 ದಿನ ಬಿಟ್ಟು ತೆಗೆದು ನೋಡುವುದು, ಆಮೇಲೆ ಇನ್ನೆರಡು ದಿನ ಬಿಟ್ಟು ಮತ್ತೊಮ್ಮೆ. ಮರದ ಹುಡಿಯನ್ನಷ್ಟೇ ಇಟ್ಟು ನೋಡಿದರೆ ನಿಜವಾದ ಕಾರಣ ತಪ್ಪಿಹೋಗಬಹುದು. ಕಲ್ಲುಹೂವಿನ ಅಲರ್ಜಿ ಇದ್ದವರಿಗೆ ಕೆಲವು ಸೆಂಟು, ಶೇವಿಂಗ್ ಲೋಷನ್‌ಗಳೂ ಆಗಿಬರುವುದಿಲ್ಲ, ಅವುಗಳಲ್ಲಿ ಓಕ್ ಮರದ ಕಲ್ಲುಹೂವಿನ ಸಾರ ಇರುತ್ತದೆ.

ಮಲೆನಾಡಿನವರಿಗೆ ಇಲ್ಲಿ ಹೊಲಗೇರು ನೆನಪಾದೀತು. ಅದು ಬೇರೆ ಕತೆ. ಅಲ್ಲಿ ತಪ್ಪು ಮರದ್ದೇ: ಗಾಳಿಗೆ ಕಪ್ಪಾಗುವ ಅದರ ಸೊನೆ ತಾಗಿದರೆ ಚರ್ಮ ಸುಟ್ಟಂತಾಗಿ ಬೊಕ್ಕೆ ಬರುತ್ತದೆ. ಮಾವು, ಗೋಡಂಬಿ ಅದರ ನೆಂಟರು.