ಸಾಗುವಾನಿ ಬೀಜಕ್ಕೆ ಎಕ್ಸ್-ರೇ ಯಾಕೆ?

ಭತ್ತದ ಬೀಜವನ್ನು ಉಪ್ಪು ನೀರಿಗೆ ಸುರಿದರೆ ಜೊಳ್ಳು ತೇಲುತ್ತದೆ, ಗಟ್ಟಿ ಕಾಳು ತಳ ಸೇರುತ್ತದೆ. ಸಾಗುವಾನಿಗೆ ಈ ಉಪಾಯ ನಡೆಯುವುದಿಲ್ಲ. ನಾವು ಬೀಜ ಅಂತ ಕರೆಯುವುದು ನಿಜಕ್ಕೂ ಅದರ ಕಾಯಿ. ಒಳಗೆ ಕಲ್ಲಿನಂಥ ಗೊರಟೆ, ಅದರಲ್ಲಿ ನಾಲ್ಕು ಕೋಣೆ, ಕೋಣೆಗೊಂದು ಬೀಜ ಇರಬೇಕು. ಆದರೆ ಎಷ್ಟೋ ಕಾಯಲ್ಲಿ ಒಂದೇ ಇರುತ್ತದೆ, ಎಷ್ಟೋದರಲ್ಲಿ ಅದೂ ಇಲ್ಲ. ಗೊರಟೆಯದೇ ತೂಕ ಜಾಸ್ತಿ, ಹಾಗಾಗಿ ಕೈಯಲ್ಲಿ ಹಿಡಿದರೆ ಏನೂ ಗೊತ್ತಾಗುವುದಿಲ್ಲ.

ಒಮ್ಮೆ ನರ್ಸರಿಯವರೊಬ್ಬರು ಚೀಲ ಹಿಡಿದು ಬಂದರು. 'ಸರ್, ಹದಿನೈದು ದಿನ ರಾತ್ರಿ ನೀರು, ಹಗಲು ಬಿಸಿಲು ಅಂತ ಆರೈಕೆ ಮಾಡಿದೀವಿ, ಮಡಿಯಲ್ಲಿ ಹತ್ತಕ್ಕೆ ಎರಡೂ ಎದ್ದಿಲ್ಲ' ಅಂದರು. ಉಳಿದಿದ್ದರಲ್ಲಿ ನೂರು ಕಾಯಿ ಎಣಿಸಿ ಎಕ್ಸ್-ರೇ ತೆಗೆದೆವು. ಅರ್ಧಕ್ಕಿಂತ ಜಾಸ್ತಿ ಖಾಲಿ! ಇಲ್ಲದ ಬೀಜಕ್ಕೆ ನೀರು ಕುಡಿಸಿದ್ದರು, ಪಾಪ.

ಆಸ್ಪತ್ರೆಯಲ್ಲಿ ಎದೆಯ ಎಕ್ಸ್-ರೇಗೆ 100 ಕಿಲೋವೋಲ್ಟ್ ದಾಟುವುದುಂಟು, ಬೀಜಕ್ಕೆ ಸಾಮಾನ್ಯವಾಗಿ 10ರಿಂದ 30 ಸಾಕು. ಶಕ್ತಿ ಜಾಸ್ತಿಯಾದರೆ ಕಿರಣ ಎಲ್ಲದರಲ್ಲೂ ತೂರಿಹೋಗಿ ಚಿತ್ರವೆಲ್ಲ ಕಪ್ಪು. ಸರಿಯಾಗಿ ತೆಗೆದರೆ ತುಂಬಿದ ಕೋಣೆ ಬೆಳ್ಳಗೆ, ಖಾಲಿ ಕೋಣೆ ಕಪ್ಪಗೆ ಕಾಣುತ್ತದೆ. ಹೊಸಬರು ಒಂದು ಕಡೆ ಎಡವುತ್ತಾರೆ: ನಾಲ್ಕು ಕೋಣೆಗಳ ನಡುವೆ ಗೊರಟೆಗೆ ಹುಟ್ಟಿನಿಂದಲೇ ಒಂದು ಟೊಳ್ಳು ಇರುತ್ತದೆ, ಅದನ್ನೂ ಜೊಳ್ಳು ಅಂತ ಲೆಕ್ಕ ಹಾಕಿಬಿಡುತ್ತಾರೆ. ತೊಗರಿ, ಹೆಸರಿನಲ್ಲಿ ಇಷ್ಟು ಕಷ್ಟವಿಲ್ಲ, ಕಾಳಿನೊಳಗೆ ಹುಳ ಕೊರೆದ ಗುಂಡಿ, ಕೆಲವೊಮ್ಮೆ ಸುರುಳಿ ಸುತ್ತಿ ಮಲಗಿದ ಮರಿಹುಳವೂ ಕಾಣುತ್ತದೆ.

ಕಾಯಿ ಕೊಯ್ದೇ ನೋಡಬಹುದಲ್ವಾ ಅಂತ ಕೇಳುತ್ತಾರೆ. ನೋಡಬಹುದು, ಎಕ್ಸ್-ರೇ ಸಿಗದವರು ಐವತ್ತು ಕಾಯನ್ನು ಗಿಡ ಸವರುವ ಕತ್ತರಿಯಿಂದ ಕೊಯ್ದರೂ ಅಂದಾಜು ಸಿಗುತ್ತದೆ. ಆದರೆ ಕೊಯ್ದದ್ದನ್ನು ಬಿತ್ತಲಾಗದು, ಎಕ್ಸ್-ರೇ ತೆಗೆದದ್ದನ್ನು ಬಿತ್ತಬಹುದು.

ಇದು ಹೊಸ ವಿದ್ಯೆಯೇನಲ್ಲ. ಸ್ವೀಡನ್ನಿನಲ್ಲಿ ಸಿಮಾಕ್ ಮತ್ತು ಗುಸ್ತಾಫ್ಸನ್ 1953ರಲ್ಲೇ ಕಾಡುಮರಗಳ ಬೀಜದ ಎಕ್ಸ್-ರೇ ಬಗ್ಗೆ ಬರೆದಿದ್ದರು. ಉತ್ತರದ ಚಳಿಯಲ್ಲಿ ಪೈನ್ ಬೀಜದ ಭ್ರೂಣ ಪೂರ್ತಿ ಬೆಳೆಯುವುದಿಲ್ಲ, ಹಾಗಾಗಿ ಅಲ್ಲಿ ಭ್ರೂಣ ಎಷ್ಟುದ್ದ ಬೆಳೆದಿದೆ ಅಂತ ನೋಡಿ ಬೀಜವನ್ನು ವಿಂಗಡಿಸುತ್ತಾರೆ.

ಟೊಮೆಟೊದಲ್ಲಿ ಈ ವಿದ್ಯೆ ವ್ಯಾಪಾರಕ್ಕೇ ಇಳಿದಿದೆ. ನೆದರ್ಲೆಂಡ್ಸ್‌ನಲ್ಲಿ ಯಂತ್ರವೇ ಒಂದೊಂದು ಬೀಜದ ಚಿತ್ರ ನೋಡಿ, ಭ್ರೂಣ ಸೊಟ್ಟಗಿದ್ದರೆ, ಒಳಗೆ ಬಿರುಕಿದ್ದರೆ ಆಚೆ ತಳ್ಳುತ್ತದೆ. ರಾಣೆಬೆನ್ನೂರಿನ ಕಡೆ ಹೂವು ಹೂವಿಗೂ ಕೈಯಿಂದ ಪರಾಗ ಮುಟ್ಟಿಸಿ ಮಾಡುವಂಥ ಹೈಬ್ರಿಡ್ ಬೀಜಕ್ಕೆ ಈ ಖರ್ಚು ಮಾಡಿದರೂ ಗಿಟ್ಟುತ್ತದೆ. ರಾಗಿಗೆ ಬೇಡ ಬಿಡಿ, ಮೊರ ಸಾಕು.

ಒಂದು ಮಾತು ಮಾತ್ರ ಪ್ರತಿಸಲ ಹೇಳಬೇಕಾಗುತ್ತದೆ. ಚಿತ್ರದಲ್ಲಿ ಕಾಣುವುದು ಬೀಜದ ಆಕಾರ, ಜೀವ ಅಲ್ಲ. ಬಿಸಿಗೆ ಸತ್ತ ಬೀಜವೂ ಫೋಟೋದಲ್ಲಿ ಚೆನ್ನಾಗಿಯೇ ಇರುತ್ತದೆ. ಬೇರಿಯಂ ಕ್ಲೋರೈಡ್ ದ್ರಾವಣದಲ್ಲಿ ನೆನೆಸಿದರೆ ಸತ್ತ ಭಾಗ ಅದನ್ನು ಹೀರಿ ಚಿತ್ರದಲ್ಲಿ ಎದ್ದು ಕಾಣುತ್ತದೆ, ಆದರೆ ಅದು ದಿನನಿತ್ಯದ ಕೆಲಸ ಅಲ್ಲ. ಮೊಳಕೆ ಪರೀಕ್ಷೆ ಬಿಟ್ಟು ಬರೀ ಚಿತ್ರ ನಂಬಿ ಬೀಜ ಮಾರುವವರನ್ನು ನಾನು ನಂಬುವುದಿಲ್ಲ.

ಆ ನರ್ಸರಿಯವರಿಗೆ ಚೀಲ ಎಸೆಯಬೇಡಿ, ತುಂಬಿದ ಕಾಯಿಯ ಲೆಕ್ಕ ನೋಡಿ ಎರಡು ಪಾಲು ಜಾಸ್ತಿ ಬಿತ್ತಿ ಅಂದೆ. ಮರುವರ್ಷ ಮೂಟೆಗೆ ದುಡ್ಡು ಕೊಡುವ ಮೊದಲೇ ಒಂದು ಕವರಿನಲ್ಲಿ ನೂರು ಕಾಯಿ ಎಣಿಸಿ ಕಳಿಸಿದ್ದರು.