ಮಿಲಿಟರಿ ಗಾಡಿಗೆ ಎಷ್ಟ್ ದಪ್ಪ ಪ್ಲೇಟ್ ಬೇಕು?

ಬೆಳಗಾವಿಯೊಳಗ ಮರಾಠಾ ಲೈಟ್ ಇನ್ಫೆಂಟ್ರಿ ಸೆಂಟರ್ ಐತಿ, ಸುತ್ತಲ ಹಳ್ಳ್ಯಾಗ ಫೌಜಿ ಮಂದಿ ಮನಿ ಸಾಕಷ್ಟ್ ಅದಾವ, ಹಿಂಗಾಗಿ 2019ರ ಫೆಬ್ರವರಿ 14ಕ್ಕ ಪುಲ್ವಾಮಾದಾಗ ಸಿಆರ್‌ಪಿಎಫ್ ಬಸ್ಸಿನ ಮ್ಯಾಲೆ ದಾಳಿ ಆಗಿ 40 ಜವಾನರು ಹೋದಾಗ ಇಲ್ಲಿ ಭಾಳ ಮಂದಿ ಕೇಳಿದ್ರು, ಬಸ್ಸಿಗೆ ದಪ್ಪನ್ನ ಪ್ಲೇಟ್ ಯಾಕ ಹಾಕಿರಲಿಲ್ಲ ಅಂತ. ಕೇಳಬೇಕಾದ ಪ್ರಶ್ನಿನ ಅದು.

ತೂಕದಿಂದ ಶುರು ಮಾಡೂಣು. 1 ಚದರ ಮೀಟರ್ ಉಕ್ಕಿನ ಹಾಳಿ 1 ಮಿಲಿಮೀಟರ್ ದಪ್ಪ ಇದ್ರ 7.85 ಕೆಜಿ ತೂಗತೈತಿ. ಲಾರಿಯ ಎರಡು ಬಾಜೂ, ತಳ ಸೇರಿ 32 ಚದರ ಮೀಟರ್ ಅಂತ ಹಿಡಿರಿ, 8 ಮಿಲಿಮೀಟರ್ ಪ್ಲೇಟ್ ಹೊಡದ್ರ ಅದ 2 ಟನ್ ಆತು, 16 ಹೊಡದ್ರ 4 ಟನ್. 5 ಟನ್ ಹೊರೋ ಲಾರ್ಯಾಗ ಮಂದಿಗೆ, ರೇಶನ್ನಿಗೆ ಉಳಿಯೋದು ಒಂದ ಟನ್! ಬ್ರೇಕು, ಸ್ಪ್ರಿಂಗು, ಟೈರು ಎಲ್ಲಾ ಲಗೂನ ಸವಿತಾವ, ಮತ್ತ ಭಾರ ಮ್ಯಾಲಾದಂಗ ತಿರುವಿನ್ಯಾಗ ಗಾಡಿ ಪಲ್ಟಿ ಹೊಡಿತೈತಿ, ಮುಧೋಳ ಕಡೆ ಸೀಸನ್ನಾಗ ಮಿತಿ ಮೀರಿ ಹೇರಿದ ಕಬ್ಬಿನ ಟ್ರ್ಯಾಲಿ ಮಗುಚತಾವಲ್ಲ ಹಂಗ.

ಹಂಗಂತ ಪ್ಲೇಟ್ ಬ್ಯಾಡ ಅನ್ನಂಗಿಲ್ಲ. ಮೊದಲ 8 ಮಿಲಿಮೀಟರೇ ದೊಡ್ಡ ಕೆಲಸ ಮಾಡತಾವ, ಒಳ್ಳೆ ಗಟ್ಟಿ ಆರ್ಮರ್ ಉಕ್ಕಿದ್ರ ಗ್ರೆನೇಡಿನ ಚೂರು, ಎಕೆ-47ರ ಸಾದಾ ಗುಂಡು ಅಷ್ಟಕ್ಕ ನಿಲ್ಲತಾವ. ಅದರ ಮ್ಯಾಲೆ ದಪ್ಪ ಮಾಡಿದಷ್ಟೂ ಲಾಭ ಕಮ್ಮಿ, ಯಾಕಂದ್ರ ಹೆಗಲ ಮ್ಯಾಲಿಟ್ಟು ಹಾರಸೋ ಆರ್‌ಪಿಜಿ ರಾಕೆಟ್ಟು ಕಾಲು ಮೀಟರ್ ಉಕ್ಕನ್ನೂ ತೂತು ಹೊಡಿತೈತಿ, ಅದಕ್ಕ 8 ಆದ್ರೇನು 16 ಆದ್ರೇನು.

ನೆಲಬಾಂಬಿಗಂತೂ ದಪ್ಪಕ್ಕಿಂತ ಆಕಾರ ಮುಖ್ಯ. ತಳ ಸಪಾಟ ಇದ್ರ ಸ್ಫೋಟದ ಪೂರಾ ಹೊಡ್ತ ಒಳಗ ಕುಂತವರ ಬೆನ್ನೆಲುಬಿಗೆ ಬೀಳತೈತಿ. ಅದಕ್ಕ ದಕ್ಷಿಣ ಆಫ್ರಿಕಾದವರು 1980ರ ಸುಮಾರಿಗೆ ಕ್ಯಾಸ್ಪಿರ್ ಗಾಡಿಯ ತಳಾನ ದೋಣಿ ತಳದಂಗ ಚೂಪ ಮಾಡಿ ನೆಲದಿಂದ ಎತ್ತರಕ್ಕ ಇಟ್ರು, ಹೊಡ್ತ ಆಜೂಬಾಜೂ ಸರದು ಹೋಗತೈತಿ. ನಮ್ಮ ಸೈನ್ಯಾನೂ ಅವನ್ನ ತರಿಸಿಕೊಂಡೈತಿ. ಅಮೆರಿಕದವರು ಇರಾಕಿನಾಗ ಮೊದಲು ಹಮ್ವೀ ಅನ್ನೋ ಮಿಲಿಟರಿ ಜೀಪಿಗೆ ಪ್ಲೇಟ್ ಮ್ಯಾಲೆ ಪ್ಲೇಟ್ ಹೊಡದು ನೋಡಿ, 2007ರಿಂದ ಇಂಥಾ ತಳದ ಎಮ್‌ರ‍್ಯಾಪ್ ಗಾಡಿ ಸಾವಿರಾರು ಇಳಿಸಿದ್ರು, ಅವ ಅಫ್ಘಾನಿಸ್ತಾನದ ಗುಡ್ಡದ ಹಾದ್ಯಾಗ ಭಾರಾಗಿ, ಕಡೀಕ ಹಗುರ ಮಾಡೆಲ್ ಬ್ಯಾರೇನ ಮಾಡಬೇಕಾತು.

ಪುಲ್ವಾಮಾದಾಗ ಸ್ಫೋಟಕ ತುಂಬಿದ ಕಾರ್ ಬಸ್ಸಿನ ಮಗ್ಗಲಕ್ಕ ಬಂದಿತ್ತು. ಗುಂಡು ತಡಿಯೋ ಪ್ಲೇಟು ಅಂಥಾ ಹೊಡ್ತಕ್ಕ ಸಾಲೂದಿಲ್ಲ, ಅಲ್ಲಿ ಜೀವ ಕಾಯೋದು ನಡುವಿನ ಅಂತರ, ಯಾಕಂದ್ರ ಸ್ಫೋಟದ ಒತ್ತಡ ದೂರ ಹೋದಂಗ ಭಾಳ ಜೋರಲೆ ಇಳಿತೈತಿ. ಕಾನ್ವಾಯ್ ಹೋಗೂ ಮುಂದ ಖಾಸಗಿ ಗಾಡಿ ನಿಲ್ಲಸೋದು ಇದಕ್ಕ. ಅದ ತಿಂಗಳ ಸರ್ಕಾರ ದಿಲ್ಲಿ–ಶ್ರೀನಗರ, ಜಮ್ಮು–ಶ್ರೀನಗರ ನಡುವ ಅರೆಸೇನಾ ಜವಾನರಿಗೆ ವಿಮಾನದಾಗ ಹೋಗಾಕ ಅನುಮತಿ ಕೊಟ್ಟಿತು, ನನ್ನ ಪ್ರಕಾರ ಬಸ್ಸಿಗೆ ಎಷ್ಟ್ ಟನ್ ಉಕ್ಕು ಹೊಡದಿದ್ರೂ ಇಷ್ಟು ಜೀವ ಕಾಯಾಕ ಆಗ್ತಿರಲಿಲ್ಲ.